ಮುಟ್ಟಿದರೆ ಕೈಗೆ ಹತ್ತದ ಹಾಗೆ ಗೋಡೆಗೆ ಸುಣ್ಣ ಬಳಿಯುವುದು ಹೇಗೆ?

'ಪೇಂಟಿನ ವಾಸನೆ ಬೇಡ ಎಂದು ಗೋಡೆಗೆ ಸುಣ್ಣವನ್ನೇ ಬಳಿಸಬೇಕೆಂದಿದ್ದೇವೆ. ಆದರೆ ಒರಗಿ ಕೂತರೆ ಬೆನ್ನೆಲ್ಲ ಬಿಳಿಯಾಗುತ್ತದಲ್ಲ, ಅದಕ್ಕೇನು ಮಾಡುವುದು?' ಪರಿಸರಸ್ನೇಹಿ ಮನೆಗಳ ಬಗ್ಗೆ ಬರೆದಾಗಲೆಲ್ಲ ಓದುಗರು ಕೇಳುವುದು ಇದೊಂದನ್ನೇ. ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಉತ್ತರದ ತಿರುಳು ಇಷ್ಟೇ: ಕೈಗೆ ಹತ್ತುವ ಸುಣ್ಣ ಕೆಟ್ಟ ಸುಣ್ಣವೇ ಆಗಿರಬೇಕೆಂದಿಲ್ಲ, ಹೆಚ್ಚಿನ ಸಲ ಅದು ಅವಸರಕ್ಕೆ ಬಲಿಯಾದ ಸುಣ್ಣ. ಪೇಂಟು ಒಣಗಿದರೆ ಕೆಲಸ ಮುಗಿಯಿತು. ಸುಣ್ಣಕ್ಕೆ ಒಣಗುವುದು ಮುಖ್ಯವಲ್ಲ, ಅದು ಗೋಡೆಯ ಮೇಲೆ ನಿಧಾನವಾಗಿ ಕಲ್ಲಾಗಬೇಕು. ಕಲ್ಲಾಗುವ ಮೊದಲೇ ಒಣಗಿಹೋದರೆ ಉಳಿಯುವುದು ಬರೀ ಹುಡಿ. ಕೆಳಗಿನ ಹಂತಗಳೆಲ್ಲ ಈ ಒಂದು ವಿಷಯದ ಸುತ್ತಲೇ ಇವೆ.

ಮೊದಲು ಸ್ವಲ್ಪ ರಸಾಯನಶಾಸ್ತ್ರ

ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಇದಕ್ಕೆ ನೀರು ಸೇರಿಸಿದಾಗ ಕುದಿದು ಅರಳುತ್ತದೆ. ಅದು ಅರಳಿದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಇದನ್ನು ಗೋಡೆಗೆ ಬಳಿದಾಗ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಈ ಕೊನೆಯ ಹಂತಕ್ಕೆ ಕಾರ್ಬನೀಕರಣ ಎನ್ನುತ್ತಾರೆ. ಗಾಳಿಯ ಅನಿಲ ಮೊದಲು ಗೋಡೆಯ ತೇವದಲ್ಲಿ ಕರಗಬೇಕು, ಆಮೇಲಷ್ಟೇ ಸುಣ್ಣದೊಂದಿಗೆ ಕೂಡುತ್ತದೆ. ತೇವವೇ ಇಲ್ಲದಿದ್ದರೆ ಈ ಕ್ರಿಯೆ ಅಲ್ಲಿಗೇ ನಿಲ್ಲುತ್ತದೆ. ಬಿರುಬಿಸಿಲಿನಲ್ಲಿ ಬಳಿದ ಗೋಡೆ ಹುಡಿ ಉದುರಿಸುವುದು ಇದೇ ಕಾರಣಕ್ಕೆ.

ಹಸಿರು ರಸಾಯನಶಾಸ್ತ್ರ ಎಂಬ ಮಾತು ಈಚೆಗೆ ಎಲ್ಲೆಡೆ ಕೇಳಿಸುತ್ತದೆ. ವಿಷಕಾರಿ ವಸ್ತುಗಳನ್ನು ಬಳಸಿ ಆಮೇಲೆ ಶುದ್ಧೀಕರಿಸುವ ಬದಲು, ಮೊದಲಿನಿಂದಲೇ ಅವು ಬೇಕಾಗದಂತೆ ವಸ್ತುವನ್ನು ರೂಪಿಸುವುದು ಅದರ ಮೂಲ ವಿಚಾರ. ಅಮೆರಿಕದ ರಸಾಯನಶಾಸ್ತ್ರಜ್ಞರಾದ ಪಾಲ್ ಅನಾಸ್ಟಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಇದಕ್ಕೆ 12 ತತ್ವಗಳನ್ನು ಪಟ್ಟಿ ಮಾಡಿದರು. ಆ ಅಳತೆಗೋಲು ಹಿಡಿದು ನೋಡಿದರೆ ಸಾಮಾನ್ಯ ಪ್ಲಾಸ್ಟಿಕ್ ಪೇಂಟಿನಲ್ಲಿ ಪೆಟ್ರೋಲಿಯಂ ಮೂಲದ ಅಂಟು, ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಹುಡಿ, ಡಬ್ಬಿಯಲ್ಲಿ ಕೊಳೆಯದಿರಲು ಸಂರಕ್ಷಕಗಳು, ಹೀಗೆ ಹಲವು ಪದಾರ್ಥಗಳಿರುತ್ತವೆ. ಎಣ್ಣೆ ಬಣ್ಣಗಳಲ್ಲಿ ಆವಿಯಾಗಿ ಗಾಳಿಗೆ ಸೇರುವ ಸಾವಯವ ದ್ರಾವಕಗಳು ಬೇರೆ. ಮೂಗಿಗೆ ಅಡರುವ ಆ ವಾಸನೆ ಅವುಗಳದ್ದೇ. ಸುಣ್ಣದಲ್ಲಿ ಅಂಟೂ ಅದೇ, ಬಿಳುಪೂ ಅದೇ, ದ್ರಾವಕ ಬರೀ ನೀರು.

ಹಾಗೆಂದು ಸುಣ್ಣ ಸಾಧುವೂ ಅಲ್ಲ. 100 ಕೆ.ಜಿ. ಶುದ್ಧ ಸುಣ್ಣದ ಕಲ್ಲು ಸುಟ್ಟರೆ 56 ಕೆ.ಜಿ. ಸುಟ್ಟ ಸುಣ್ಣ ಸಿಗುತ್ತದೆ, 44 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಆಕಾಶಕ್ಕೆ ಹೋಗುತ್ತದೆ. ಗೋಡೆಯ ಮೇಲೆ ಪೂರ್ತಿ ಕಲ್ಲಾದರೆ ಈ 44 ಕೆ.ಜಿ.ಯನ್ನು ಅದು ಹಿಂದಕ್ಕೆ ಪಡೆಯುತ್ತದೆ. ಆದರೆ ಭಟ್ಟಿಗೆ ಹಾಕಿದ ಕಲ್ಲಿದ್ದಲು, ಸೌದೆಯ ಹೊಗೆ ಹಿಂದಿರುಗುವುದಿಲ್ಲ. 'ಸುಣ್ಣದಿಂದ ಮಾಲಿನ್ಯವೇ ಇಲ್ಲ' ಎಂದು ಯಾರಾದರೂ ಮಾರಲು ಬಂದರೆ ಈ ಲೆಕ್ಕ ಕೇಳಿ.

ಕೆಲಸಕ್ಕೆ ಕೈ ಹಾಕುವ ಮುನ್ನ

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎನ್ನುತ್ತೇವಲ್ಲ, ಆ ಸುಣ್ಣವನ್ನು ಗಾದೆಯಲ್ಲಷ್ಟೇ ಉಳಿಸಿಕೊಳ್ಳಿ. ಸುಣ್ಣದ ನೀರು ತೀಕ್ಷ್ಣ ಕ್ಷಾರ, ಪಿಎಚ್ ಮಾನ ಸುಮಾರು 12.4. ಕಣ್ಣಿಗೆ ಬಿದ್ದರೆ ಪಾಪೆಯ ಮೇಲಿನ ಪಾರದರ್ಶಕ ಪಟಲ ಸುಟ್ಟು ದೃಷ್ಟಿಯೇ ಹೋಗಬಹುದು. ಎಲೆ ಅಡಿಕೆಯ ಸುಣ್ಣದ ಪೊಟ್ಟಣವನ್ನು ಹಿಸುಕಿ ಕಣ್ಣಿಗೆ ಸಿಡಿಸಿಕೊಂಡ ಮಕ್ಕಳು ಕಣ್ಣಾಸ್ಪತ್ರೆಗಳಿಗೆ ಬರುತ್ತಲೇ ಇರುತ್ತಾರೆ.

ಆದ್ದರಿಂದ ಕಣ್ಣನ್ನು ಬದಿಯಿಂದಲೂ ಮುಚ್ಚುವ ಸುರಕ್ಷಾ ಕನ್ನಡಕ, ಮೊಣಕೈಯವರೆಗಿನ ರಬ್ಬರ್ ಕೈಗವಸು, ತುಂಬು ತೋಳಿನ ಹಳೆಯ ಅಂಗಿ, ಮುಚ್ಚಿದ ಪಾದರಕ್ಷೆ ಕಡ್ಡಾಯ. ಸುಣ್ಣದ ಒಣ ಹುಡಿ ಕಲಸುವಾಗ ಮಾಸ್ಕ್ ಬೇಕು. ಪಕ್ಕದಲ್ಲಿ ಒಂದು ಬಕೆಟ್ ಶುದ್ಧ ನೀರು, ಒಂದು ಚೊಂಬು ಯಾವಾಗಲೂ ಇರಲಿ. ಮಕ್ಕಳು, ಸಾಕುಪ್ರಾಣಿಗಳು ಹತ್ತಿರ ಸುಳಿಯಬಾರದು.

ಕಣ್ಣಿಗೆ ಬಿದ್ದರೆ ರೆಪ್ಪೆ ಅಗಲಿಸಿ ಹಿಡಿದು ಕನಿಷ್ಠ 20 ನಿಮಿಷ ಧಾರೆಯಾಗಿ ನೀರು ಹಾಯಿಸಿ, ಸುಣ್ಣದ ಚೂರುಗಳಿದ್ದರೆ ತೊಳೆದು ಹೋಗುವಂತೆ ನೋಡಿಕೊಳ್ಳಿ, ನಂತರ ನೇರವಾಗಿ ಕಣ್ಣಿನ ವೈದ್ಯರ ಬಳಿಗೆ ಹೋಗಿ. ಕ್ಷಾರಕ್ಕೆ ಆಮ್ಲ ಎಂಬ ಶಾಲೆಯ ಪಾಠ ನೆನೆದು ನಿಂಬೆರಸ, ವಿನೆಗರ್ ಹಾಕಬೇಡಿ. ತುಪ್ಪ, ಹರಳೆಣ್ಣೆಯೂ ಬೇಡ.

ಹಂತ 1: ನಿಮ್ಮ ಗೋಡೆ ಸುಣ್ಣಕ್ಕೆ ಒಗ್ಗುತ್ತದೆಯೇ?

ಒಂದು ಚೊಂಬು ನೀರನ್ನು ಗೋಡೆಗೆ ಎರಚಿ ನೋಡಿ. ನೀರು ಕೆಲವೇ ಕ್ಷಣಗಳಲ್ಲಿ ಇಂಗಿ ಗೋಡೆ ಕಪ್ಪಾದರೆ ಸುಣ್ಣ ಹಿಡಿಯುತ್ತದೆ. ಹನಿಹನಿಯಾಗಿ ಜಾರಿ ನೆಲಕ್ಕಿಳಿದರೆ ಮೇಲೆ ಪೇಂಟಿನ ಪೊರೆ ಇದೆ ಎಂದರ್ಥ. ಅದರ ಮೇಲೆ ಬಳಿದ ಸುಣ್ಣ ಸಿಪ್ಪೆಯಾಗಿ ಏಳುತ್ತದೆ.

ಸುಣ್ಣದ ಗಾರೆ, ಮಣ್ಣಿನ ಗಿಲಾವು, ಸುಟ್ಟ ಇಟ್ಟಿಗೆ, ಒರಟು ಕಲ್ಲು, ಹಳೆಯ ಸುಣ್ಣದ ಗೋಡೆ ಇವೆಲ್ಲ ಹೇಳಿ ಮಾಡಿಸಿದವು. ಸಿಮೆಂಟ್ ಗಿಲಾವಿನ ಮೇಲೂ ಬಳಿಯಬಹುದು, ಆದರೆ ಅದು ಮರಳಿನ ಒರಟು ಮೈಯದ್ದಾಗಿರಬೇಕು, ನೀರುಣಿಸುವ ಅವಧಿ ಪೂರ್ತಿ ಮುಗಿದಿರಬೇಕು. ಪುಟ್ಟಿ ಹಚ್ಚಿ ನುಣುಪು ಮಾಡಿದ ಗೋಡೆ, ಪ್ಲಾಸ್ಟರ್ ಆಫ್ ಪ್ಯಾರಿಸ್, ಮರ, ಕಬ್ಬಿಣ ಇವಕ್ಕೆ ಸುಣ್ಣ ಬೇಡ.

ಪೇಂಟು ಅಥವಾ ಡಿಸ್ಟೆಂಪರ್ ಇರುವ ಗೋಡೆಯಾದರೆ ಕೆರೆದು ತೆಗೆಯಲೇಬೇಕು. ಅಲ್ಲಲ್ಲಿ ಕೆರೆದು ಬಿಡುವುದು ಕೆಲಸಕ್ಕೆ ಬಾರದು, ನೀರು ಎರಚಿದಾಗ ಇಡೀ ಗೋಡೆ ಒಂದೇ ಸಮನೆ ಹೀರುವವರೆಗೂ ಕೆರೆಯಬೇಕು. ಇಲ್ಲೊಂದು ಎಚ್ಚರಿಕೆ ಇದೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಪೇಂಟು, ವಿಶೇಷವಾಗಿ ಹೊಳಪಿನ ಎನಾಮೆಲ್, ಸೀಸ ಒಳಗೊಂಡಿರಬಹುದು. ಅಂಥ ಪೇಂಟನ್ನು ಒಣದಾಗಿ ಉಜ್ಜಬೇಡಿ. ನೀರು ಸಿಂಪಡಿಸಿ ಹಸಿಯಾಗಿಯೇ ಕೆರೆಯಿರಿ, ಸಿಪ್ಪೆಗಳನ್ನು ಗುಡಿಸಿ ಚೀಲಕ್ಕೆ ತುಂಬಿ, ಮಕ್ಕಳು ಗರ್ಭಿಣಿಯರು ಆ ಕೋಣೆಯತ್ತ ಬರದಿರಲಿ.

ಇಷ್ಟೆಲ್ಲ ಮಾಡುವುದು ಆಗದ ಮಾತು ಎನಿಸಿದರೆ ಸುಣ್ಣದ ಹಟ ಬಿಟ್ಟುಬಿಡಿ. ಹಳೆಯ ಪೇಂಟಿನ ಮೇಲೆ ಹಚ್ಚಬಹುದಾದ, ಆವಿಯಾಗುವ ದ್ರಾವಕ ಕಡಿಮೆ ಇರುವ ನೀರುಬಣ್ಣಗಳಿವೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರ ಜನವರಿಯಲ್ಲಿ ತಂದ ಸಗಣಿ ಆಧಾರಿತ ಬಣ್ಣವೂ ಇದೆ. ಒಪ್ಪದ ಗೋಡೆಗೆ ಸುಣ್ಣ ಬಳಿದು ಎರಡೇ ತಿಂಗಳಿಗೆ ಎಲ್ಲವನ್ನೂ ಕೆರೆದೆಸೆಯುವುದರಲ್ಲಿ ಪರಿಸರಕ್ಕೆ ಯಾವ ಉಪಕಾರವೂ ಇಲ್ಲ.

ಇನ್ನೊಂದು ಭ್ರಮೆಯನ್ನೂ ಇಲ್ಲೇ ಬಿಡಿಸುತ್ತೇನೆ. ಸುಣ್ಣ ಗೋಡೆಯ ತೇವವನ್ನು ಆವಿಯಾಗಿ ಹೊರಬಿಡುತ್ತದೆ, ಪ್ಲಾಸ್ಟಿಕ್ ಪೇಂಟಿನ ಹಾಗೆ ಒಳಗೇ ಕಟ್ಟಿಹಾಕುವುದಿಲ್ಲ, ನಿಜ. ಆದರೆ ಸೋರುವ ತಾರಸಿ, ಒಡೆದ ಕೊಳವೆ, ಪಾಯದಿಂದ ಏರುವ ನೀರು ಇವನ್ನು ಸುಣ್ಣ ಗುಣಪಡಿಸುವುದಿಲ್ಲ. ಗೋಡೆಯ ಬುಡದಲ್ಲಿ ಉಪ್ಪಿನ ಬಿಳಿ ಹೂವು ಕಾಣುತ್ತಿದ್ದರೆ ಮೊದಲು ನೀರಿನ ಮೂಲ ಹುಡುಕಿ ಮುಚ್ಚಿ.

ಹಂತ 2: ಸುಣ್ಣ ಆರಿಸುವುದು

ಮೂರು ಬಗೆಯಲ್ಲಿ ಸಿಗುತ್ತದೆ. ಒಂದು, ಕಲ್ಲುಸುಣ್ಣ, ಸುಣ್ಣದ ಕಲ್ಲು ಸುಟ್ಟ ಉಂಡೆಗಳು. ಬಾಗಲಕೋಟೆ, ಕಲಬುರಗಿ ಕಡೆ ಸುಣ್ಣದ ಕಲ್ಲಿನ ನಿಕ್ಷೇಪಗಳೇ ಇವೆ. ಎರಡು, ಕರಾವಳಿಯ ಚಿಪ್ಪುಸುಣ್ಣ. ನದೀಮುಖಗಳ ಚಿಪ್ಪು ಸುಟ್ಟು ಮಾಡುವಂಥದ್ದು, ಬಿಳುಪಿಗೆ ಹೆಸರಾದದ್ದು. ಮೂರು, ಕಾರ್ಖಾನೆಯಲ್ಲೇ ಅರಳಿಸಿ ಚೀಲದಲ್ಲಿ ತುಂಬಿದ ಹೈಡ್ರೇಟೆಡ್ ಸುಣ್ಣದ ಹುಡಿ.

ಭಾರತೀಯ ಮಾನಕ ಐಎಸ್ 712 ಕಟ್ಟಡದ ಸುಣ್ಣವನ್ನು ಎ, ಬಿ, ಸಿ ಇತ್ಯಾದಿ ವರ್ಗಗಳಾಗಿ ವಿಂಗಡಿಸುತ್ತದೆ. ಬಳಿಯಲು ಬೇಕಾದದ್ದು ಸಿ ವರ್ಗ, ಅಂದರೆ ಜಿಡ್ಡು ಸುಣ್ಣ. ಕಲ್ಮಶ ಕಡಿಮೆ, ನೀರು ಹಾಕಿದಾಗ ಚೆನ್ನಾಗಿ ಉಬ್ಬುತ್ತದೆ, ಗಾಳಿಯಿಂದಲೇ ಗಟ್ಟಿಯಾಗುತ್ತದೆ. ಎ ವರ್ಗದ್ದು ನೀರಿನಲ್ಲೇ ಗಟ್ಟಿಯಾಗುವ ಜಾತಿ, ಕಟ್ಟಡದ ಗಾರೆಗೆ ಒಳ್ಳೆಯದು, ನಮಗಲ್ಲ.

ಅಂಗಡಿಯಲ್ಲಿ ಎರಡು ಪರೀಕ್ಷೆ ಮಾಡಿ. ಸುಟ್ಟ ಸುಣ್ಣವಾದರೆ ಅಡಿಕೆ ಗಾತ್ರದ ಒಂದು ಉಂಡೆಯನ್ನು ಸ್ಟೀಲ್ ಬಟ್ಟಲಿನಲ್ಲಿಟ್ಟು ಸ್ವಲ್ಪ ನೀರು ಹಾಕಿ ದೂರ ಸರಿಯಿರಿ. ಕೆಲವು ನಿಮಿಷಗಳಲ್ಲಿ ಬಿರುಕುಬಿಟ್ಟು ಸುಯ್ಯೆಂದು ಆವಿ ಎದ್ದು ಹಿಟ್ಟಾಗಿ ಒಡೆದರೆ ತಾಜಾ ಸುಣ್ಣ. ಅಲ್ಲಾಡದೆ ಕೂತರೆ ಸರಿಯಾಗಿ ಬೆಂದಿಲ್ಲ, ಇಲ್ಲವೇ ಗಾಳಿಗೆ ತೆರೆದಿಟ್ಟು ಸತ್ತುಹೋಗಿದೆ. ಚೀಲದ ಹುಡಿಯಾದರೆ ಒಂದು ಚಿಟಿಕೆಗೆ ನಿಂಬೆರಸ ಹಿಂಡಿ. ಬುಸುಬುಸು ನೊರೆ ಬಂದರೆ ಅದು ಚೀಲದೊಳಗೇ ಕಲ್ಲಾಗಿದೆ, ಅಥವಾ ಸೀಮೆಸುಣ್ಣದ ಹುಡಿ ಬೆರೆತಿದೆ. ಎರಡರಲ್ಲಿ ಯಾವುದಾದರೂ ನಿಮ್ಮ ಗೋಡೆಗೆ ಅಂಟುವ ಶಕ್ತಿ ಅದಕ್ಕಿಲ್ಲ. ಬಹುಮಂದಿಗೆ ಬೆನ್ನು ಬಿಳಿಯಾಗುವ ಕಥೆ ಇಲ್ಲಿಂದಲೇ ಶುರುವಾಗಿರುತ್ತದೆ.

ಮೊದಲ ಸಲ ಮಾಡುವವರಿಗೆ ತಾಜಾ ಚೀಲದ ಹುಡಿಯೇ ಸುರಕ್ಷಿತ, ಕುದಿಯುವ ಗಂಡಾಂತರವಿಲ್ಲ. ಗುಣದಲ್ಲಿ ಮಾತ್ರ ಮನೆಯಲ್ಲಿ ಅರಳಿಸಿ ಹಳತು ಮಾಡಿದ ಸುಣ್ಣಕ್ಕೆ ಅದು ಸಮನಲ್ಲ ಎಂಬುದು ನನ್ನ ಅಭಿಪ್ರಾಯ.

ಹಂತ 3: ಅರಳಿಸುವುದು

ಅಡಿಕೆ ತೋಟದವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸಲು ಪ್ರತಿ ಮಳೆಗಾಲವೂ ಸುಣ್ಣ ಅರಳಿಸುವವರು ಅವರು. ಉಳಿದವರು ಗಮನವಿಟ್ಟು ಓದಿ.

ಪಾತ್ರೆ ಕಬ್ಬಿಣದ ಡ್ರಮ್ ಅಥವಾ ಸಿಮೆಂಟ್ ತೊಟ್ಟಿಯಾಗಿರಲಿ. ತೆಳು ಪ್ಲಾಸ್ಟಿಕ್ ಬಕೆಟ್ ಬಿಸಿಗೆ ಮೆತ್ತಗಾಗಿ ಬಾಗುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿಂದು ಉರಿಯುವ ಹೈಡ್ರೋಜನ್ ಅನಿಲ ಬಿಡುತ್ತದೆ. ಸತು ಲೇಪಿಸಿದ ಬಕೆಟ್ಟಿನದ್ದೂ ಅದೇ ತೊಂದರೆ. ಮುಚ್ಚಳ ಬಿಗಿದ ಪಾತ್ರೆಯಲ್ಲಿ ಯಾವ ಕಾರಣಕ್ಕೂ ಅರಳಿಸಬೇಡಿ.

ಮೊದಲು ನೀರು, ಆಮೇಲೆ ಸುಣ್ಣ. ಪಾತ್ರೆಯ ಅರ್ಧಕ್ಕಿಂತ ಕಡಿಮೆ ನೀರು ತುಂಬಿ, ಸುಣ್ಣದ ಗಾತ್ರದ ಸುಮಾರು ಮೂರು ಪಟ್ಟು ನೀರಿರುವಂತೆ ಲೆಕ್ಕ ಹಾಕಿಕೊಳ್ಳಿ. ಉಂಡೆಗಳನ್ನು ಸ್ವಲ್ಪಸ್ವಲ್ಪವಾಗಿ, ಉದ್ದ ಹಿಡಿಯ ಸಲಿಕೆಯಿಂದ ಇಳಿಸಿ. ಒಂದು ಕೆ.ಜಿ. ಶುದ್ಧ ಸುಟ್ಟ ಸುಣ್ಣ ಅರಳುವಾಗ ಹೊಮ್ಮುವ ಶಾಖ, ಲೆಕ್ಕಕ್ಕೆ ಹಿಡಿದರೆ, ಮೂರು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಸುಣ್ಣದ ರಾಶಿಯ ಮೇಲೆ ಚೊಂಬಿನಿಂದ ನೀರು ಸುರಿದರೆ ಈ ಶಾಖವೆಲ್ಲ ಒಂದೇ ಜಾಗದಲ್ಲಿ ಕೂಡಿ ಕುದಿಯುವ ಸುಣ್ಣ ಮುಖಕ್ಕೆ ಸಿಡಿಯುತ್ತದೆ. ಅದಕ್ಕೇ ಈ ಕ್ರಮ.

ಮೊದಲ ಕೆಲವು ನಿಮಿಷ ಏನೂ ಆಗದಂತೆ ಕಾಣುತ್ತದೆ. ಸುಣ್ಣ ಕೆಟ್ಟದ್ದಿರಬೇಕೆಂದು ಬಗ್ಗಿ ನೋಡಲು ಹೋಗುವುದು ಸರಿಯಾಗಿ ಈ ಹೊತ್ತಿನಲ್ಲೇ. ಬಗ್ಗಬೇಡಿ. ಉಂಡೆಗಳಲ್ಲಿ ಸಣ್ಣ ಬಿರುಕು ಕಾಣಿಸುತ್ತದೆ, ತಳದಿಂದ ಗುಳುಗುಳು ಸದ್ದು ಬರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಡ್ರಮ್ ಪೂರ್ತಿ ಕುದಿದು ಬಿಳಿಯ ಕೆಸರು ಮೇಲೇರುತ್ತದೆ. ದೂರದಿಂದ ಉದ್ದನೆಯ ಮರದ ಕೋಲಿನಲ್ಲಿ ಕಲಕುತ್ತಿರಿ. ನೀರು ಆವಿಯಾಗಿ ಕಡಿಮೆಯಾದರೆ ಸೇರಿಸಿ. ಒಣಗಲು ಬಿಟ್ಟರೆ ಸುಣ್ಣ ತರಿತರಿಯಾಗಿ ಮತ್ತೆ ನುಣ್ಣಗಾಗುವುದೇ ಇಲ್ಲ.

ಕುದಿತ ಅಡಗಿ ತಣ್ಣಗಾದ ಮೇಲೆ ಸುಣ್ಣದ ಮೇಲೆ ನಾಲ್ಕು ಬೆರಳು ನೀರು ನಿಲ್ಲುವಂತೆ ತುಂಬಿಸಿ ಮುಚ್ಚಿಡಿ. ಕನಿಷ್ಠ 24 ಗಂಟೆ ಬಿಡಲೇಬೇಕು. ಎರಡು ವಾರ ಬಿಟ್ಟರೆ ಒಳ್ಳೆಯದು, ತಿಂಗಳುಗಟ್ಟಲೆ ಬಿಟ್ಟರೆ ಇನ್ನೂ ಒಳ್ಳೆಯದು. ದಿನ ಕಳೆದಂತೆ ಕಣಗಳು ಸಣ್ಣಗಾಗಿ ಸುಣ್ಣ ಬೆಣ್ಣೆಯಂತಾಗುತ್ತದೆ. ಅರೆಬರೆ ಅರಳಿದ ಹರಳುಗಳು ಉಳಿದರೆ ಗೋಡೆಯ ಮೇಲೆ ಹೋದ ನಂತರ ತೇವ ಹೀರಿ ಉಬ್ಬಿ, ಸಣ್ಣ ಗುಳಿ ಮಾಡಿ ಸಿಡಿಯುತ್ತವೆ. ಚೀಲದ ಹುಡಿ ತಂದವರು ಅದನ್ನು ನೀರಿಗೆ ಹಾಕಿ ಕಲಸಿ ಒಂದೆರಡು ದಿನ ನೆನೆಯಲು ಬಿಟ್ಟರೆ ಸಾಕು.

ಹಂತ 4: ಸೋಸುವುದು, ಹದ ಮಾಡುವುದು

ಸರ್ಕಾರಿ ಕಾಮಗಾರಿಗಳಲ್ಲಿ ಬಹುಕಾಲದಿಂದ ಬಂದ ಲೆಕ್ಕವೆಂದರೆ ಒಂದು ಕೆ.ಜಿ. ಸುಟ್ಟ ಸುಣ್ಣಕ್ಕೆ ಐದು ಲೀಟರ್ ನೀರು. ಇದನ್ನು ಒರಟು ಹತ್ತಿ ಬಟ್ಟೆಯಲ್ಲಿ ಸೋಸಿ. ಈಗ ಹದ ನೋಡಿ: ಬ್ರಷ್ ಅದ್ದಿ ಎತ್ತಿದರೆ ಹಾಲಿನಂತೆ ಧಾರೆಯಾಗಿ ಇಳಿಯಬೇಕು. ಮೊಸರಿನಂತೆ ಹಿಡಿದು ನಿಂತರೆ ದಪ್ಪವಾಯಿತು, ನೀರು ಸೇರಿಸಿ.

ಸುಣ್ಣ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಒಂದು ಲೀಟರಿಗೆ ಎರಡು ಗ್ರಾಂ ಕೂಡ ಇಲ್ಲ. ಉಳಿದದ್ದೆಲ್ಲ ತೇಲುವ ಕಣಗಳು, ಬಿಟ್ಟರೆ ತಳ ಸೇರುತ್ತವೆ. ಹಾಗಾಗಿ ಬಳಿಯುವಾಗ ಪದೇ ಪದೇ ಕಲಕಬೇಕು. ಕಲಕದೆ ಬಳಿದರೆ ಬೆಳಗಿನ ಗೋಡೆ ನೀರುನೀರು, ಸಂಜೆಯ ಗೋಡೆ ಮುದ್ದೆ.

ಹಂತ 5: ಅಂಟು, ನೀಲಿ, ಬಣ್ಣ

ಎಲ್ಲರ ಮನೆಯಲ್ಲೂ ಒಂದೊಂದು ಪಾಕವಿದೆ. ನನ್ನ ಮಟ್ಟಿಗೆ ಹೇಳುವುದಾದರೆ ಒಳ್ಳೆಯ ಸುಣ್ಣ, ಒಳ್ಳೆಯ ಗೋಡೆ, ಸಾಕಷ್ಟು ತೇವ ಇದ್ದರೆ ಅಂಟು ಬೇಕಾಗುವುದೇ ಇಲ್ಲ. ಆದರೂ ಒಳಗೋಡೆಗೆ, ಕೈ ತಾಗುವ ಜಾಗಕ್ಕೆ ಸ್ವಲ್ಪ ಆಸರೆ ಕೊಡಬಹುದು.

ಬಿಸಿನೀರಿನಲ್ಲಿ ಕರಗಿಸಿದ ಮರದ ಗೋಂದು: ಹತ್ತು ಲೀಟರ್ ಸುಣ್ಣಕ್ಕೆ 40 ಗ್ರಾಂ. ಇದು ಹಳೆಯ, ನಂಬಬಹುದಾದ ಪ್ರಮಾಣ.

ಕೆನೆ ತೆಗೆದ ಹಾಲು: ಹತ್ತು ಲೀಟರಿಗೆ ಅರ್ಧದಿಂದ ಒಂದು ಲೀಟರ್. ಹಾಲಿನ ಕೇಸಿನ್ ಎಂಬ ಪ್ರೋಟೀನ್ ಸುಣ್ಣದೊಂದಿಗೆ ಸೇರಿ ನೀರಿಗೆ ಕರಗದ ಅಂಟಾಗುತ್ತದೆ. ಬೆರೆಸಿದ ದಿನವೇ ಬಳಸಿ ಮುಗಿಸಬೇಕು. ಮಜ್ಜಿಗೆ ಹುಳಿಯಾದ್ದರಿಂದ ಸುಣ್ಣವನ್ನೇ ಕೆಡಿಸುತ್ತದೆ.

ಅಕ್ಕಿಗಂಜಿಯ ತಿಳಿ: ನಡೆಯುತ್ತದೆ, ಆದರೆ ಕಡಿಮೆ ಹಾಕಿ. ಮಲೆನಾಡು, ಕರಾವಳಿಯ ಶೀತದಲ್ಲಿ ಕಾಲ ಕಳೆದಂತೆ ಇದೇ ಬೂಸ್ಟಿಗೆ ಊಟವಾಗುತ್ತದೆ.

ಉಪ್ಪು ಹಾಕುವ ರೂಢಿಯೂ ಇದೆ. ಅದು ತೇವ ಹಿಡಿದಿಡುವುದರಿಂದ ಮೊದಲಿಗೆ ಸುಣ್ಣ ಚೆನ್ನಾಗಿಯೇ ಕೂರುತ್ತದೆ. ಆದರೆ ಮಳೆಗಾಲದಲ್ಲಿ ಅದೇ ಉಪ್ಪು ಗೋಡೆಯನ್ನು ಬೆವರಿಸುತ್ತದೆ, ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಬೇಡ. ಬಡಗಿಗಳು ಬಳಸುವ ಬಿಳಿ ಗೋಂದನ್ನು ಸುರಿಯುವ ಕೆಲಸಗಾರರು ಬೇಕಾದಷ್ಟು ಜನ ಇದ್ದಾರೆ. ಅದು ಪೆಟ್ರೋಲಿಯಂ ಮೂಲದ್ದೇ. ಸುಣ್ಣದ ಕ್ಷಾರದಲ್ಲಿ ಕ್ರಮೇಣ ಕೆಡುತ್ತದೆ, ಗೋಡೆ ಉಸಿರಾಡುವುದನ್ನೂ ತಡೆಯುತ್ತದೆ. ಪೇಂಟು ಬೇಡವೆಂದು ಹೊರಟವರು ಅದನ್ನೇ ಹಿತ್ತಿಲ ಬಾಗಿಲಿನಿಂದ ಕರೆದಂತಾಯಿತು.

ಮಳೆ ತಾಗುವ ಹೊರಗೋಡೆಯಾದರೆ, ಸುಣ್ಣ ಅರಳುತ್ತ ಬಿಸಿಯಾಗಿರುವಾಗಲೇ ಕೆ.ಜಿ.ಗೆ ಒಂದೆರಡು ಚಮಚ ಅಗಸೆ ಎಣ್ಣೆ ಬೆರೆಸಿ. ಎಣ್ಣೆ ಸುಣ್ಣದೊಂದಿಗೆ ಸೇರಿ ನೀರು ಹೀರದ ಸಾಬೂನಾಗುತ್ತದೆ. ಇದನ್ನು ಬೇರೆ ಪಾತ್ರೆಯಲ್ಲಿ ಮಾಡಿಟ್ಟು ಕೊನೆಯ ಪದರಕ್ಕೆ ಮಾತ್ರ ಬಳಸಬೇಕು. ಕೆಳಗಿನ ಪದರದಲ್ಲಿ ಎಣ್ಣೆಯಿದ್ದರೆ ಮೇಲಿನದು ಹಿಡಿಯದು.

ಹಳದಿ ಛಾಯೆ ಮುಚ್ಚಲು ಕೆ.ಜಿ. ಸುಣ್ಣಕ್ಕೆ ಮೂರು ಗ್ರಾಂವರೆಗೆ ನೀಲಿ ಸಾಕು. ಹೆಚ್ಚಾದರೆ ಗೋಡೆ ಬೂದುಬಣ್ಣಕ್ಕೆ ತಿರುಗುತ್ತದೆ.

ಬಣ್ಣ ಬೇಕೆಂದರೆ ಕ್ಷಾರ ತಡೆಯುವ ಮಣ್ಣಿನ ಬಣ್ಣಗಳನ್ನೇ ಆರಿಸಿ: ಕೆಂಪು ಕಾವಿ, ಹಳದಿ ಕಾವಿ, ಕಬ್ಬಿಣದ ಆಕ್ಸೈಡುಗಳು. ಉತ್ತರ ಕನ್ನಡ ಮತ್ತು ಗೋವೆಯ ಹಳೆಯ ದೇವಸ್ಥಾನಗಳ ಕಾವಿ ಕಲೆಯಲ್ಲಿ ಬಿಳಿ ಸುಣ್ಣದ ಮೇಲೆ ಕೆಂಪು ಕಾವಿಯ ಪದರ ಹಚ್ಚಿ, ಹಸಿಯಿರುವಾಗಲೇ ಕೆರೆದು ಚಿತ್ರ ಮೂಡಿಸುತ್ತಿದ್ದರು. ಸಮುದ್ರದ ಗಾಳಿಗೂ ಅದು ನಿಂತಿದೆ. ಅರಿಶಿನ, ಹೂವು ಸೊಪ್ಪಿನ ಬಣ್ಣ ಹಾಕುವ ಆಸೆ ಬೇಡ. ಅರಿಶಿನಕ್ಕೆ ಸುಣ್ಣ ಬಿದ್ದರೆ ಏನಾಗುತ್ತದೆಂದು ಆರತಿಯ ಕೆಂಪು ನೀರು ಮಾಡುವ ಎಲ್ಲರಿಗೂ ಗೊತ್ತು, ಆ ಕೆಂಪೂ ಬಿಸಿಲಿಗೆ ನಿಲ್ಲುವುದಿಲ್ಲ. ಬಣ್ಣದ ಹುಡಿಯನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಸಿ. ಒಣ ಸುಣ್ಣದ ತೂಕದ ಹತ್ತನೇ ಒಂದು ಭಾಗ ಮೀರಬಾರದು. ಇಡೀ ಕೋಣೆಗೆ ಬೇಕಾದಷ್ಟನ್ನು ಒಂದೇ ಸಲ ಕಲಸಿ, ಎರಡನೆಯ ಸಲ ಅದೇ ಛಾಯೆ ಬರುವುದು ಅದೃಷ್ಟದ ಮಾತು.

ಹಂತ 6: ಬಳಿಯುವುದು

ಮಳೆ ಹಿಂದೆ ಸರಿದು ಬಿಸಿಲು ಇನ್ನೂ ಏರದ ದೀಪಾವಳಿಯ ಆಸುಪಾಸು ಒಳ್ಳೆಯ ಕಾಲ. ಗಾಳಿಯಲ್ಲಿ ತೇವವಿರುತ್ತದೆ, ಗೋಡೆ ಬೇಗ ಒಣಗುವುದಿಲ್ಲ. ಯುಗಾದಿಗೆಂದು ಬಳಿಯುವವರು ಬೆಳಗಿನ ಹೊತ್ತು, ನೆರಳಿರುವ ಗೋಡೆಗಳಿಂದ ಶುರು ಮಾಡಿ, ಬಿಸಿಲು ಯಾವ ದಿಕ್ಕಿಗೆ ತಿರುಗುತ್ತದೋ ಅದರ ವಿರುದ್ಧ ದಿಕ್ಕಿನಲ್ಲಿ ಸಾಗಬೇಕು.

ಗೋಡೆಯ ಧೂಳು, ಸಡಿಲ ಹುಡಿ ಎಲ್ಲ ಗಟ್ಟಿ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಬೂಸ್ಟು, ಪಾಚಿ ಇದ್ದರೆ ಕೆರೆದು ತೊಳೆದು ಒಣಗಿಸಿ. ಬಿರುಕುಗಳಿಗೆ ಸುಣ್ಣ ಮರಳಿನ ಗಾರೆ ತುಂಬಿ; ಪುಟ್ಟಿ ತುಂಬಿದರೆ ಅಷ್ಟೇ ಜಾಗ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ.

ಹಿಂದಿನ ಸಂಜೆ ಒಮ್ಮೆ, ಬಳಿಯುವುದಕ್ಕೆ ಸ್ವಲ್ಪ ಮುಂಚೆ ಇನ್ನೊಮ್ಮೆ ಗೋಡೆಯನ್ನು ನೀರಿನಿಂದ ನೆನೆಸಿ. ಮುಟ್ಟಿದರೆ ತಂಪಾಗಿರಬೇಕು, ನೀರು ಹರಿಯುತ್ತಿರಬಾರದು. ಈ ಹಂತವನ್ನು ಕೆಲಸಗಾರರು ಸಾಮಾನ್ಯವಾಗಿ ಬಿಟ್ಟೇಬಿಡುತ್ತಾರೆ. ಒಣಗೋಡೆ ಸುಣ್ಣದೊಳಗಿನ ನೀರನ್ನೆಲ್ಲ ಒಂದೇ ಏಟಿಗೆ ಹೀರಿಬಿಡುತ್ತದೆ, ಮೇಲೆ ಉಳಿಯುವುದು ಹುಡಿ. ಪಕ್ಕದಲ್ಲಿ ನಿಂತು ನೆನೆಸಿಸಿ, ಬೇಸರ ಮಾಡಿಕೊಂಡರೂ ಚಿಂತೆಯಿಲ್ಲ.

ಅಗಲವಾದ ನಾರಿನ ಬ್ರಷ್ ಬಳಸಿ. ರೋಲರ್ ಸುಣ್ಣವನ್ನು ಗೋಡೆಯ ಸಂದುಗಳಿಗೆ ತುಂಬುವುದಿಲ್ಲ. ಮೊದಲ ಪದರ ಮೇಲಿನಿಂದ ಕೆಳಕ್ಕೆ, ಎರಡನೆಯದು ಅಡ್ಡಕ್ಕೆ, ಮೂರನೆಯದು ಮತ್ತೆ ಮೇಲಿನಿಂದ ಕೆಳಕ್ಕೆ. ಹೊಸ ಗೋಡೆಗೆ ಮೂರು ಪದರ ಕನಿಷ್ಠ. ಪದರದಿಂದ ಪದರಕ್ಕೆ ಒಂದು ದಿನದ ಬಿಡುವು ಕೊಟ್ಟು, ಮುಂದಿನದು ಹಚ್ಚುವ ಮೊದಲು ಮತ್ತೆ ನೀರು ಚಿಮುಕಿಸಿ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬಂದೆವು. ಮೊದಲ ಪದರ ಹಚ್ಚಿದಾಗ ಗೋಡೆ ಬಿಳಿಯಾಗುವುದೇ ಇಲ್ಲ. ಹಸಿ ಸುಣ್ಣ ಅರೆಪಾರದರ್ಶಕ. ಕಣಗಳ ನಡುವೆ ನೀರು ತುಂಬಿರುವಾಗ ಬೆಳಕು ಹಾದುಹೋಗಿ ಕೆಳಗಿನ ಕಲೆಗಳೆಲ್ಲ ಕಾಣುತ್ತವೆ. ಕೊಟ್ಟ ಕಾಸು ದಂಡವಾಯಿತೆಂದು ಗಾಬರಿಯಾಗಿ ಮನೆಯವರು 'ಇನ್ನೂ ಗಟ್ಟಿಯಾಗಿ ಬಳಿಯಪ್ಪ' ಎನ್ನುತ್ತಾರೆ, ಕೆಲಸಗಾರ ಬಕೆಟ್ಟಿಗೆ ಇನ್ನಷ್ಟು ಸುಣ್ಣ ಸುರಿಯುತ್ತಾನೆ. ಅಲ್ಲಿಗೆ ಗೋಡೆ ಕೆಟ್ಟಿತು. ದಪ್ಪ ಪದರದ ಮೇಲ್ಮೈ ಮಾತ್ರ ಗಟ್ಟಿಯಾಗುತ್ತದೆ, ಒಳಗೆ ಗಾಳಿ ಹೋಗುವುದಿಲ್ಲ, ಸಣ್ಣ ಬಿರುಕು ಬಿಟ್ಟು ಹೆಕ್ಕಳಿಕೆಯಾಗಿ ಉದುರುತ್ತದೆ. ಹಾಗೇ ಬಿಟ್ಟು ಮರುದಿನ ಬೆಳಿಗ್ಗೆ ಬಂದು ನೋಡಿ; ನೀರು ಆರಿದಂತೆ ಬಿಳುಪು ತಾನಾಗಿ ಏರಿರುತ್ತದೆ. ನಂಬಿಕೆ ಬಾರದಿದ್ದರೆ ಗೋಡೆಯ ಮೂಲೆಯಲ್ಲಿ ಅಂಗೈ ಅಗಲದ ಜಾಗಕ್ಕೆ ಮೊದಲೇ ಬಳಿದು ಪರೀಕ್ಷಿಸಿಕೊಳ್ಳಿ.

ಎಷ್ಟು ಸುಣ್ಣ ಬೇಕೆಂಬುದಕ್ಕೆ ಎಲ್ಲ ಗೋಡೆಗೂ ಹೊಂದುವ ಲೆಕ್ಕವಿಲ್ಲ. ಮಣ್ಣಿನ ಗೋಡೆ ಕುಡಿಯುವಷ್ಟು ಸಿಮೆಂಟ್ ಗೋಡೆ ಕುಡಿಯುವುದಿಲ್ಲ. ಒಂದು ಗೋಡೆ ಮುಗಿಸಿ, ಎಷ್ಟು ಖರ್ಚಾಯಿತೆಂದು ಅಳೆದು ಉಳಿದದ್ದಕ್ಕೆ ಅಂದಾಜು ಮಾಡಿ.

ಹಂತ 7: ಬಳಿದ ನಂತರದ ಆರೈಕೆ

ಕೊನೆಯ ಪದರದ ನಂತರ ಮೂರ್ನಾಲ್ಕು ದಿನ, ಬೆಳಿಗ್ಗೆ ಸಂಜೆ ಗಿಡಗಳಿಗೆ ಔಷಧಿ ಹೊಡೆಯುವ ಸ್ಪ್ರೇಯರಿನಿಂದ, ಔಷಧಿಯ ಲವಲೇಶವೂ ಇರದಂತೆ ತೊಳೆದು, ಮಂಜಿನಂತೆ ನೀರು ಸಿಂಪಡಿಸಿ. ಹನಿ ಇಳಿಯುವಷ್ಟು ಬೇಡ. ಒಳಕೋಣೆಯಾದರೆ ಕಿಟಕಿ ತೆರೆದಿಡಿ. ಕಾರ್ಬನ್ ಡೈಆಕ್ಸೈಡ್ ಬರಬೇಕಾದದ್ದು ಅಲ್ಲಿಂದಲೇ. ಫ್ಯಾನ್ ಹಾಕಿ ಒಣಗಿಸಬೇಡಿ. ಹೊರಗೋಡೆಗೆ ಬಿಸಿಲು ನೇರವಾಗಿ ಬೀಳುತ್ತಿದ್ದರೆ ಒದ್ದೆ ಗೋಣಿಚೀಲ ಅಥವಾ ನೆರಳು ಬಲೆ ಗೋಡೆಗೆ ತಾಗದಂತೆ ಇಳಿಬಿಡಿ. ಈ ದಿನಗಳಲ್ಲಿ ಜೋರುಮಳೆ ಬಿದ್ದರೆ ಸುಣ್ಣ ತೊಳೆದುಹೋಗುತ್ತದೆ.

ವಾರದ ನಂತರ ಕಪ್ಪು ಬಟ್ಟೆಯಿಂದ ಮೆತ್ತಗೆ ಒರೆಸಿ ನೋಡಿ. ಮಸುಕಾದ ಗುರುತಷ್ಟೇ ಬಂದರೆ ಸರಿಯಾಗಿದೆ, ಮುಂದಿನ ವಾರಗಳಲ್ಲಿ ಅದೂ ಕಡಿಮೆಯಾಗುತ್ತದೆ. ಬಟ್ಟೆ ಪೂರ್ತಿ ಬಿಳಿಯಾದರೆ ಸಡಿಲ ಹುಡಿಯನ್ನು ಉಜ್ಜಿ ತೆಗೆದು, ಗೋಡೆ ಚೆನ್ನಾಗಿ ನೆನೆಸಿ, ತೆಳುವಾದ ಒಂದು ಪದರ ಮತ್ತೆ ಕೊಡಿ. ಹುಡಿಯ ಮೇಲೆಯೇ ಬಳಿದರೆ ಎರಡೂ ಸೇರಿ ಉದುರುತ್ತವೆ. ಚಪ್ಪಟೆ ಸಿಪ್ಪೆಯಾಗಿ ಏಳುತ್ತಿದ್ದರೆ ಕೆಳಗೆ ಹಳೆಯ ಪೇಂಟು ಉಳಿದಿದೆ; ಮೊದಲ ಹಂತಕ್ಕೆ ಹಿಂದಿರುಗಬೇಕು. ಹಳದಿ ಕಂದು ಕಲೆ ಮೂಡಿದರೆ ಹೊಗೆಯದೋ ಹಳೆಯ ಸೋರಿಕೆಯದೋ ಇರಬೇಕು. ಸೋರಿಕೆ ನಿಲ್ಲಿಸದೆ ಎಷ್ಟು ಪದರ ಹಚ್ಚಿದರೂ ಅದು ಹೊರಗೆ ಬರುತ್ತದೆ.

ಅಡುಗೆಮನೆಯ ಒಲೆಯ ಹಿಂದೆ, ಬಚ್ಚಲಿನ ನೀರು ಸಿಡಿಯುವ ಗೋಡೆಗೆ, ಮಕ್ಕಳ ಕೈ ಸದಾ ತಾಗುವ ಎತ್ತರಕ್ಕೆ ಸುಣ್ಣವನ್ನು ನಾನು ಶಿಫಾರಸು ಮಾಡುವುದಿಲ್ಲ. ಎಣ್ಣೆಯ ಕಲೆ ಒರೆಸಿದರೆ ಹೋಗದು. ಹುಣಸೆ, ನಿಂಬೆ ಬಿದ್ದರೆ ಅಷ್ಟು ಜಾಗ ತಿಂದುಹೋಗುತ್ತದೆ. ಅಲ್ಲಿ ಟೈಲ್ಸ್ ಅಥವಾ ಕಲ್ಲು ಇರಲಿ.

ಮಿಕ್ಕ ಸುಣ್ಣವನ್ನು ಎಸೆಯಬೇಡಿ. ಗೋಂದು, ಹಾಲು ಬೆರೆಸದ್ದನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಮೇಲೆ ನೀರು ನಿಲ್ಲುವಂತೆ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ತಣ್ಣಗಾದ ಮೇಲೆ ಪ್ಲಾಸ್ಟಿಕ್ಕಿನಿಂದ ತೊಂದರೆಯಿಲ್ಲ. ಬೆರೆಸಿದ್ದು ಉಳಿದರೆ ಬಿಸಿಲಿಗೆ ಸುಡುವ ಅಡಿಕೆ ಮರದ ಕಾಂಡಕ್ಕೋ ಕಾಂಪೌಂಡಿಗೋ ಬಳಿದು ಖಾಲಿ ಮಾಡಿ. ಬಕೆಟ್ ತೊಳೆದ ನೀರನ್ನು ಬಾವಿ, ಕೆರೆ, ಮೀನಿನ ಹೊಂಡದ ಹತ್ತಿರ ಚೆಲ್ಲಬೇಡಿ, ಆ ಕ್ಷಾರಕ್ಕೆ ಮೀನು ಉಳಿಯುವುದಿಲ್ಲ. ಮುಂದಿನ ಸಲ ಬಳಿಯುವಾಗ ಹಳೆಯ ಸುಣ್ಣವನ್ನು ಕೆರೆಯಬೇಕಾಗಿಲ್ಲ. ಗಟ್ಟಿಯಾಗಿ ಹಿಡಿದಿದ್ದರೆ ಧೂಳು ಉಜ್ಜಿ, ನೆನೆಸಿ, ಒಂದು ಪದರ ಹಚ್ಚಿದರೆ ಆಯಿತು.